ಐವತ್ತಕ್ಕೆ ಸೊನ್ನೆ

ನಮ್ಮ ಬೀದಿಯ ಹೆಂಗಸರನ್ನು ಉದ್ಧಾರ ಮಾಡುವುದಕ್ಕೆಂದೇ ಒಂದು ಸಂಸ್ಥೆ ಇದೆ. ಟೈರ್ ಅಂಗಡಿಯ ಮೇಲಿನ ಹಾಲ್ ಅದರ ಕಚೇರಿ. ಕೆಳಗೆ, ಮೆಟ್ಟಿಲ ಸಂದಿಯ ಆರಡಿ ಜಾಗದಲ್ಲಿ ನನ್ನ ರಿಪೇರಿ ಅಂಗಡಿ. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಯಾವುದು ಕೆಟ್ಟರೂ ನನ್ನ ಮೇಜಿಗೆ ಬರುತ್ತದೆ. ಗಂಡ ತೀರಿಕೊಂಡ ಮೇಲೆ ಅವರ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡವಳು ಇಪ್ಪತ್ತೆರಡು ವರ್ಷವಾದರೂ ಕೆಳಗಿಟ್ಟಿಲ್ಲ. ಬೀದಿಗೆಲ್ಲ ನಾನು ಫ್ಯಾನಕ್ಕ. ಕೆಲಸ ಹೇಳಿಕೊಡಿ ಎಂದು ಬಂದ ಹೆಂಗಸರಿಗೆ ಆ ಮೇಜಿನ ಮೇಲೇ ಹೇಳಿಕೊಟ್ಟಿದ್ದೇನೆ, ಒಂದು ಫಾರಂ ಕೂಡ ತುಂಬಿಸಿಕೊಳ್ಳದೆ.

ಹಾಗೆ ಕಲಿತವರಲ್ಲಿ ಎಲ್ಲರಿಗಿಂತ ಮೇಲು ನನ್ನ ನಾದಿನಿ. ಅವಳ ಕೈ ನನ್ನ ಕೈಗಿಂತ ಚುರುಕು. ಇದನ್ನು ಅವಳೆದುರು ಯಾವತ್ತೂ ಹೇಳಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾಳೆ. ಫ್ಯಾನಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆಯೋ ವೈಂಡಿಂಗ್ ಸುಟ್ಟಿದೆಯೋ ಹೇಳಿಬಿಡುತ್ತಾಳೆ. ಆದರೆ ಆರಡಿ ಅಂಗಡಿಯಿಂದ ಎರಡು ಮನೆಯ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ಅವಳು ಗುಜರಿ ಗೋದಾಮಿನಲ್ಲಿ ಕೂತು ಹಳೇ ವೈರ್ ಸುಲಿಯುತ್ತಾಳೆ. ಅಲ್ಲಿನ ದೂಳು, ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಎದೆಗಿಳಿದು ಎರಡು ವರ್ಷದಿಂದ ಬಿಡದ ಕೆಮ್ಮು. ಔಷಧಿ ಆಮೇಲೆ, ಮೊದಲು ಆ ಕೆಲಸ ಬಿಡಿ ಎಂದರು ಡಾಕ್ಟರು. ಹೇಳುವುದಕ್ಕೇನು, ನೀರು ಕುಡಿದಷ್ಟು ಸುಲಭವಾಗಿ ಹೇಳಿದರು.

ಮೇಲಿನ ಸಂಸ್ಥೆ ನಡೆಸುವವರಿಗೆ ನಮೂನೆ ಸರ್ ಎಂದು ಹೆಸರಿಟ್ಟವಳು ನಾನೇ. ಅರ್ಜಿ ನಮೂನೆ ಬಿಟ್ಟು ಬೇರೆ ಯಾವ ವಸ್ತುವನ್ನೂ ಆತ ಮುಟ್ಟಿದ್ದು ನಾನು ಕಂಡಿಲ್ಲ. ಒಂದು ವರ್ಷ ನಮ್ಮನ್ನು ಮೇಣದಬತ್ತಿ ಮಾಡುವವರು ಎಂದು ಬರೆದರು. ಇನ್ನೊಂದು ವರ್ಷ ಜೇನು ಸಾಕುವವರು ಎಂದರು. ನಮ್ಮ ಬೀದಿಯಲ್ಲಿ ಒಂದು ಹೂವಿನ ಗಿಡ ಇಲ್ಲ, ಜೇನು ಏನು ಟೈರ್ ಮೇಲೆ ಕೂರುತ್ತದೆಯೇ? ಅನುದಾನ ಯಾರ ಹತ್ತಿರ ಇದೆಯೋ ಅವರಿಗೆ ಬೇಕಾದಂಥ ಹೆಂಗಸರು ನಾವು.

ಈ ಸಲ ಒಂದು ದೊಡ್ಡ ನಿಧಿಯವರು 'ಹಿಂದುಳಿದ ಸಮುದಾಯಗಳಿಗೆ ಭವಿಷ್ಯದ ಉದ್ಯೋಗ ಕೌಶಲ' ಎಂದು ಅನುದಾನ ಪ್ರಕಟಿಸಿದ್ದರು. ನಮೂನೆ ಸರ್ ಮೂವತ್ತೆಂಟು ಪುಟದ ಅರ್ಜಿ ಹಿಡಿದು ನನ್ನ ಅಂಗಡಿಗೆ ಇಳಿದು ಬಂದರು.

"ಫ್ಯಾನಕ್ಕ, ಇವರ ಪಟ್ಟಿಯಲ್ಲಿ ಫ್ಯಾನ್ ರಿಪೇರಿ ಇಲ್ಲ. ರೋಬೋಟ್ ಇದೆ, ಡ್ರೋನ್ ಇದೆ, ಕೃತಕ ಬುದ್ಧಿಮತ್ತೆ ಇದೆ."

"ಹಾಗಾದ್ರೆ ಬಿಡಿ ಸರ್. ಭವಿಷ್ಯದಲ್ಲಿ ಯಾರಿಗೂ ಸೆಕೆ ಆಗಲ್ಲ ಅಂತ ಕಾಣುತ್ತೆ."

"ಬಿಡೋದು ಯಾಕೆ? ಬರೆಯೋ ಹಾಗೆ ಬರೀಬೇಕಷ್ಟೆ."

ಬರೆದರು. ನಮ್ಮ ಫ್ಯಾನ್ ರಿಪೇರಿ 'ಸುಸ್ಥಿರ ವಾಯುಚಲನ ತಂತ್ರಜ್ಞಾನ' ಆಯಿತು. ಮಿಕ್ಸಿ ರಿಪೇರಿ 'ಗೃಹ ರೋಬೋಟ್ ನಿರ್ವಹಣೆ'. ನಾನು 'ಸಮುದಾಯದ ಹಿರಿಯ ಮಾರ್ಗದರ್ಶಿ', ಸಂಬಳ ಇಲ್ಲದ್ದು. ಪಾಠವೆಲ್ಲ ಪರದೆ ಮೇಲೆ ಬರುತ್ತದಂತೆ; ಪಕ್ಕದಲ್ಲಿ ನಿಂತು ಕೈಹಿಡಿದು ಕಲಿಸಲು ಒಬ್ಬರು ಸಹಾಯಕ ಶಿಕ್ಷಕರು ಬೇಕಂತೆ, ಅವರು ಕಲಿಯುವವರ ನಡುವಿನಿಂದಲೇ ಬರಬೇಕಂತೆ, ಎರಡು ವರ್ಷ ತಿಂಗಳು ತಿಂಗಳು ಸಂಬಳವಂತೆ. ಅಷ್ಟು ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು. ಅದು ನಾದಿನಿಗೆ ಸಿಕ್ಕರೆ ಅವಳು ಗೋದಾಮಿನ ಕಡೆ ತಲೆ ಹಾಕಿಯೂ ಮಲಗಬೇಕಿಲ್ಲ.

"ಆ ಕೆಲಸ ಅವಳದೇ," ಎಂದರು ನಮೂನೆ ಸರ್. "ಅವಳನ್ನ ಬಿಟ್ರೆ ಇಲ್ಲಿ ಇನ್ಯಾರಿದ್ದಾರೆ?"

ಅನುದಾನ ಮಂಜೂರಾಯಿತು. ಮೊದಲು ಪ್ರವೇಶ ಪರೀಕ್ಷೆ ನಡೆಯಬೇಕಿತ್ತು. ಐವತ್ತು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ವರ್ಷದ ಕೊನೆಗೆ ಅದೇ ಪರೀಕ್ಷೆ ಇನ್ನೊಮ್ಮೆ. ಎರಡರ ನಡುವೆ ಅಂಕ ಎಷ್ಟು ಏರಿತು ಎಂಬುದೇ ನಿಧಿಯವರಿಗೆ ಮುಖ್ಯ. ನಮೂನೆ ಸರ್ ಮೂರು ದಿನ ಮೊದಲೇ ಕಲಿಯಲು ಹೆಸರು ಕೊಟ್ಟ ಹೆಂಗಸರನ್ನೆಲ್ಲ ಮೇಲಿನ ಹಾಲ್‌ನಲ್ಲಿ ಕೂರಿಸಿಕೊಂಡರು.

"ನೀವು ಈಗಲೇ ಎಲ್ಲ ಸರಿ ಬರೆದ್ರೆ, ಸಂಸ್ಥೆ ಕಲಿಸಿದ್ದೇನು ಅಂತ ಕೇಳ್ತಾರೆ. ಮಹಡಿ ಹತ್ತಿದ್ದು ತೋರಿಸ್ಬೇಕಾದ್ರೆ ಮೊದಲು ಕೆಳಗೆ ನಿಂತಿರ್ಬೇಕು ತಾನೆ? ಎಲ್ಲರೂ ಸೊನ್ನೆ ತಗೊಳ್ಳಿ."

ಮೂರು ದಿನ ತಪ್ಪು ಬರೆಯುವ ಪಾಠ ನಡೆಯಿತು. ಆತ ಅಷ್ಟು ಶ್ರದ್ಧೆಯಿಂದ ಪಾಠ ಮಾಡಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಟೆಸ್ಟರ್ ಚಿತ್ರ ತೋರಿಸಿ ಇದೇನು ಎನ್ನುವರು, ನಾವು ಚಮಚ ಎನ್ನಬೇಕು. ಬಟ್ಟೆ ಇಸ್ತ್ರಿ ಮಾಡಿ ಬದುಕುವ ಅಜ್ಜಿಯೊಬ್ಬಳಿಗೆ ಮಾತ್ರ ಇದು ಒಗ್ಗಲಿಲ್ಲ. "ನಲವತ್ತು ವರ್ಷ ಹಿಡಿದಿದ್ದೀನಿ ಕಣಪ್ಪ, ಇಸ್ತ್ರಿಪೆಟ್ಟಿಗೆನ ಟ್ರಂಕು ಅಂತ ಯಾವ ಬಾಯಲ್ಲಿ ಹೇಳ್ಲಿ," ಎಂದಳು. ಅವಳಿಗೆ ಆರು ಅಂಕ ಬಂತು, ನಮೂನೆ ಸರ್ ಮುಖ ಇಡೀ ದಿನ ಸಪ್ಪಗಿತ್ತು. ಉಳಿದ ಹೆಂಗಸರಿಗೆ ಎರಡು, ಮೂರು. ನನ್ನ ನಾದಿನಿಗೆ ಐವತ್ತಕ್ಕೆ ಸೊನ್ನೆ.

"ಕಣ್ಣು ಮುಚ್ಕೊಂಡು ಗುರುತು ಹಾಕಿದ್ರೂ ಹತ್ತು ಹನ್ನೆರಡು ಬರುತ್ತೆ ಅತ್ತಿಗೆ," ಎಂದು ನಕ್ಕಳು. "ಐವತ್ತೂ ತಪ್ಪು ಮಾಡ್ಬೇಕಾದ್ರೆ ಐವತ್ತೂ ಗೊತ್ತಿರ್ಬೇಕು."

ಅವಳು ಬೀಗಿದಳು, ಅವಳನ್ನು ನೋಡಿ ನಾನೂ ಬೀಗಿದೆ. ನನಗೆಲ್ಲಿತ್ತು ಬುದ್ಧಿ.

ಹತ್ತು ದಿನದ ಮೇಲೆ ನಮೂನೆ ಸರ್ ಅಂಗಡಿಗೆ ಬಂದು, ನನ್ನ ಮುಖ ನೋಡದೆ ಮೇಜಿನ ಮೇಲಿನ ಸ್ಕ್ರೂಗಳನ್ನು ನೋಡುತ್ತ ನಿಂತರು. ಅರ್ಜಿಯ ಮೂವತ್ತೊಂದನೇ ಪುಟದಲ್ಲಿ ಒಂದು ಷರತ್ತು ಇತ್ತಂತೆ. ಸಹಾಯಕ ಶಿಕ್ಷಕರಾಗುವವರಿಗೆ ಪ್ರವೇಶ ಪರೀಕ್ಷೆಯಲ್ಲಿ ಮೂವತ್ತೈದಾದರೂ ಅಂಕ ಬಂದಿರಬೇಕು.

"ಯಾರು ಹಾಕಿದ್ದು ಈ ಷರತ್ತು?"

"ಗುಣಮಟ್ಟ ಇದೆ ಅಂತ ತೋರಿಸ್ಬೇಕಿತ್ತಲ್ಲ, ನಾನೇ ಬರೆದಿದ್ದೆ."

"ಬರೆದವರಿಗೇ ನೆನಪಿರಲಿಲ್ವಾ?"

"ಮೂವತ್ತೆಂಟು ಪುಟ ಅಕ್ಕ."

ಇನ್ನೊಂದು ಸಲ ಪರೀಕ್ಷೆ ಮಾಡಿ ಎಂದೆ. ಪ್ರವೇಶ ಅನ್ನುವುದು ಒಂದೇ ಸಲ, ಅಂಕವೆಲ್ಲ ಆಗಲೇ ನಿಧಿಯವರ ಕಂಪ್ಯೂಟರಿಗೆ ಹೋಗಿದೆ ಎಂದರು. ಹಾಗಾದರೆ ಮೂವತ್ತೈದು ಯಾರಿಗೆ ಬಂದಿದೆ ಎಂದು ಕೇಳಿದೆ. ಒಬ್ಬರಿಗೆ ಬಂದಿತ್ತು. ನಮೂನೆ ಸರ್ ಅವರ ಭಾಮೈದನಿಗೆ, ನಲವತ್ತೆಂಟು. ಪ್ರಶ್ನೆಪತ್ರಿಕೆ ಟೈಪ್ ಮಾಡಿದವನೇ ಆತ, ಇನ್ನೆರಡು ಅಂಕ ಹೇಗೆ ಕೈತಪ್ಪಿತೋ. ನಲವತ್ತು ದಾಟಿದ ಮನುಷ್ಯ, ಬಟ್ಟೆ ಅಂಗಡಿ ಹಾಕಿ ಮುಚ್ಚಿ, ಈಗ ನಮ್ಮ ಬೀದಿಯಲ್ಲೇ ಬಾಡಿಗೆ ಕೋಣೆಯಲ್ಲಿದ್ದಾನೆ. ಹಾಗಾಗಿ ಅವನೂ ಹಿಂದುಳಿದವನೇ. ಒಂದು ತಲೆ ಕಡಿಮೆ ಬಿತ್ತೆಂದು ಪರೀಕ್ಷೆಗೆ ಕೂರಿಸಿದ್ದರಂತೆ, ಸೊನ್ನೆ ತಗೋ ಎಂದು ಹೇಳುವುದು ಮರೆತೇ ಹೋಯಿತಂತೆ. ಸಹಾಯಕ ಶಿಕ್ಷಕರ ಕೆಲಸ ಅವನಿಗೇ ಹೋಯಿತು.

ನನ್ನ ಮೈ ಉರಿದುಹೋಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ನಾದಿನಿ ಮಾತ್ರ ಮಾರನೇ ಬೆಳಿಗ್ಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೋದಾಮಿಗೆ ಹೋದಳು. ಪ್ರಮಾಣಪತ್ರವಾದರೂ ಸಿಗಲಿ ಎಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಪಾಠಕ್ಕೆ ತಪ್ಪದೆ ಬರುತ್ತಿದ್ದಳು. ಯಾವ ತಿಂಗಳು ಏನು ಪಾಠ ಎಂಬ ಪಟ್ಟಿ ಗೋಡೆಯ ಮೇಲಿತ್ತು. ಮೊದಲ ತಿಂಗಳು ಭವಿಷ್ಯ ಎಂದರೇನು. ಎರಡನೇ ತಿಂಗಳು ಧೈರ್ಯವಾಗಿ ಕನಸು ಕಾಣುವುದು. ಮೂರನೇ ತಿಂಗಳು ಉಪಕರಣಗಳ ಹೆಸರು. ಫ್ಯಾನ್ ಬಿಚ್ಚುವುದು ಏಳನೇ ತಿಂಗಳು.

ಮೂರನೇ ತಿಂಗಳಲ್ಲಿ ನಿಧಿಯವರ ಕಡೆಯಿಂದ ಒಬ್ಬ ಮೇಡಂ ಪರಿಶೀಲನೆಗೆ ಬಂದರು, ಜೊತೆಗೊಬ್ಬ ಕ್ಯಾಮೆರಾದವನು. ಹಾಲ್‌ನಲ್ಲಿ ಇಪ್ಪತ್ತು ಹೆಂಗಸರು. ಕಿಟಕಿಗಳಿಗೆಲ್ಲ ನಿಧಿಯವರ ಬ್ಯಾನರ್ ಕಟ್ಟಿ ಗಾಳಿಗೂ ದಾರಿ ಇಲ್ಲದಂತೆ ಮಾಡಿದ್ದರು. ನಮೂನೆ ಸರ್ ಅವರ ಸ್ವಾಗತ ಭಾಷಣ ಅರ್ಧಕ್ಕೆ ಬರುವಷ್ಟರಲ್ಲಿ ತಲೆ ಮೇಲಿನ ಫ್ಯಾನು ನಿಧಾನವಾಗುತ್ತ ಬಂದು ನಿಂತೇ ಹೋಯಿತು. ಗುಂಯ್ ಎಂಬ ಸದ್ದು ಮಾತ್ರ ಉಳಿಯಿತು.

ನಾದಿನಿ ನನ್ನ ಕಡೆ ತಿರುಗಿ, "ಕಂಡೆನ್ಸರ್," ಎಂದು ಪಿಸುಗುಟ್ಟಿದಳು. ಹೆಬ್ಬೆರಳಿನಷ್ಟು ಡಬ್ಬಿ ಅದು, ಫ್ಯಾನಿಗೆ ತಿರುಗುವ ತಳ್ಳು ಕೊಡುವುದೇ ಅದು. ಸದ್ದು ಕೇಳಿದ ಅರ್ಧ ಹಾಲ್‌ಗೆ ಗೊತ್ತಾಗಿತ್ತು.

ಮೇಡಂ ಕತ್ತು ಒರೆಸಿಕೊಂಡು ನಕ್ಕರು. "ಪರವಾಗಿಲ್ಲ, ವಾಯುಚಲನ ತಂತ್ರಜ್ಞಾನದ ಕೇಂದ್ರದಲ್ಲೇ ಇದ್ದೀವಲ್ಲ. ಯಾರಾದ್ರೂ ನೋಡಿ."

ಸಹಾಯಕ ಶಿಕ್ಷಕರು ಎದ್ದರು. ಸ್ಟೂಲ್ ಹತ್ತಿ ಫ್ಯಾನಿನ ರೆಕ್ಕೆ ಒರೆಸಿದರು. ಇಳಿದು ಸ್ವಿಚ್ಚನ್ನು ನಾಲ್ಕು ಸಲ ಹಾಕಿ ಆರಿಸಿದರು. ಮತ್ತೆ ಹತ್ತಿ ಉಳಿದ ರೆಕ್ಕೆಯನ್ನೂ ಒರೆಸಿದರು. "ಇದು ಹಳೇದು ಮೇಡಂ," ಎಂದರು ಕೊನೆಗೆ. "ನಮ್ಮ ಪಾಠದಲ್ಲಿರೋದು ಭವಿಷ್ಯದ ಫ್ಯಾನು."

ನಾದಿನಿ ಎದ್ದಳು. ನಮೂನೆ ಸರ್ ಓಡಿ ಬಂದು ಅವಳ ಕಿವಿಯ ಹತ್ತಿರ ಬಗ್ಗಿದರು. "ಕೂತ್ಕೋಮ್ಮ. ಅದು ಏಳನೇ ತಿಂಗಳ ಪಾಠ. ಈಗ ನಿಮಗೆ ಹೆಸರು ಮಾತ್ರ ಗೊತ್ತಿರ್ಬೇಕು."

"ಸೆಕೆ ಮೂರನೇ ತಿಂಗಳೇ ಬಂದ್ಬಿಟ್ಟಿದೆ ಸರ್," ಎಂದೆ ನಾನು, ಎಲ್ಲರಿಗೂ ಕೇಳುವ ಹಾಗೆ.

ಅವಳು ಸ್ವಿಚ್ ಆರಿಸಿ ಸ್ಟೂಲ್ ಹತ್ತಿದಳು. ತನ್ನ ಚೀಲದಿಂದಲೇ ಸ್ಕ್ರೂಡ್ರೈವರ್ ತೆಗೆದಳು, ಗೋದಾಮಿನ ರಾಶಿಯಿಂದ ಆರಿಸಿ ಪರೀಕ್ಷಿಸಿ ಇಟ್ಟುಕೊಂಡಿದ್ದ ಒಂದು ಕಂಡೆನ್ಸರ್ ತೆಗೆದಳು. ನಡುವೆ ಒಂದು ಸಲ ಕೆಮ್ಮು ಬಂದು ಫ್ಯಾನಿನ ಕೊಳವೆ ಹಿಡಿದುಕೊಂಡು ನಿಂತಳು. ನಾಲ್ಕು ನಿಮಿಷವೂ ಆಗಲಿಲ್ಲ, ಫ್ಯಾನು ತಿರುಗಿತು. ಹೆಂಗಸರೆಲ್ಲ ಸೆರಗು ಕೊಡವಿ ಉಸಿರುಬಿಟ್ಟರು.

ಮೇಡಂ ಕೈಯಲ್ಲಿದ್ದ ಯಂತ್ರದಲ್ಲಿ ಅವಳ ದಾಖಲೆ ಹುಡುಕಿದರು. ಅವರ ಕಣ್ಣು ಅರಳಿತು. "ಪ್ರವೇಶ ಪರೀಕ್ಷೆಯಲ್ಲಿ ಐವತ್ತಕ್ಕೆ ಸೊನ್ನೆ. ಇಡೀ ಯೋಜನೆಯಲ್ಲೇ ಎಲ್ಲರಿಗಿಂತ ಕಡಿಮೆ. ಮೂರೇ ತಿಂಗಳಲ್ಲಿ ಇಲ್ಲಿಗೆ ಬಂದಿದ್ದಾರೆ." ಎಂದವರೇ ನೇರವಾಗಿ ಹೋಗಿ ಭಾಮೈದನ ಕೈ ಕುಲುಕಿದರು. "ಇಂಥ ಶಿಕ್ಷಕರನ್ನ ನಾನು ನೋಡೇ ಇಲ್ಲ. ನಿಮ್ಮನ್ನ ಇನ್ನೂ ನಾಲ್ಕು ಕೇಂದ್ರಕ್ಕೆ ಕಳಿಸೋಣ."

ಆತ ಒರೆಸುವ ಬಟ್ಟೆಯನ್ನು ಕೈಯಲ್ಲಿ ಮುದ್ದೆ ಮಾಡಿಕೊಂಡು ನೆಲ ನೋಡಿದ. ಇಲ್ಲ ಅನ್ನಲಿಲ್ಲ.

"ಇವರು ನನಗೇನೂ ಕಲಿಸಿಲ್ಲ ಮೇಡಂ," ಎಂದಳು ನಾದಿನಿ. "ನಮ್ಮ ಅತ್ತಿಗೆ ಕಲಿಸಿದ್ದು, ಐದು ವರ್ಷ ಆಯ್ತು. ಸೊನ್ನೆ ತಗೋ ಅಂದ್ರು, ತಗೊಂಡೆ. ಐವತ್ತೂ ಗೊತ್ತಿದ್ದೇ ಐವತ್ತೂ ತಪ್ಪು ಬರೆದೆ. ಆ ಕೆಲಸ ನನಗೆ ಬೇಕು. ಗುಜರಿ ಬಿಟ್ರೆ ನನ್ನ ಎದೆ ಉಳಿಯುತ್ತೆ."

ನಮೂನೆ ಸರ್ ಮುಖ ಹುಳ್ಳಗಾಯಿತು. ಈಗ ಸಿಕ್ಕಿಬಿದ್ದರು ಎಂದುಕೊಂಡೆ. ಮೇಡಂ ನಾದಿನಿಯ ಭುಜದ ಮೇಲೆ ಕೈಯಿಟ್ಟರು.

"ನೋಡಿ, ಎಷ್ಟು ಧೈರ್ಯವಾಗಿ ಮಾತಾಡ್ತಾರೆ. ಇದೂ ಮೂರು ತಿಂಗಳಲ್ಲೇ ಬಂದಿದ್ದು, ಅಲ್ವಾ ಸರ್?"

"ಎರಡನೇ ತಿಂಗಳ ಪಾಠ ಮೇಡಂ," ಎಂದರು ನಮೂನೆ ಸರ್, ಹೋದ ಜೀವ ಬಂದವರಂತೆ.

"ಆದ್ರೆ ದಾಖಲೆ ಅಂದ್ರೆ ದಾಖಲೆ ಅಮ್ಮ," ಎಂದರು ಮೇಡಂ, ಮಗುವಿಗೆ ಹೇಳುವ ದನಿಯಲ್ಲಿ. "ಸೊನ್ನೆ ಬಂದವರನ್ನ ಶಿಕ್ಷಕಿ ಅಂತ ತಗೊಳ್ಳೋಕಾಗಲ್ಲ. ಮುಂದಿನ ಯೋಜನೆಯಲ್ಲಿ ನೋಡೋಣ."

ನಾನು ಬಾಯಿ ತೆಗೆದೆ. "ನೀವು ಸುಮ್ಮನಿರಿ ಅತ್ತಿಗೆ," ಎಂದು ನಾದಿನಿ ಮತ್ತೆ ಸ್ವಿಚ್ ಆರಿಸಿದಳು. ಸ್ಟೂಲ್ ಹತ್ತಿದಳು. ಏನೋ ಇನ್ನೂ ಒಳ್ಳೆಯದು ಮಾಡುತ್ತಿದ್ದಾಳೆ ಎಂದು ಕ್ಯಾಮೆರಾದವನು ಮಂಡಿಯೂರಿ ಕೂತು ಪಟಪಟ ಫೋಟೋ ತೆಗೆದ. ಅವಳು ಕಂಡೆನ್ಸರ್ ಕಳಚಿದಳು. ಒಳಗುಳಿದ ಕರೆಂಟು ಇಳಿಸಲು ಅದರ ಎರಡು ತುದಿಗೆ ಸ್ಕ್ರೂಡ್ರೈವರ್ ತಾಗಿಸಿದಾಗ ಚಟ್ ಎಂದು ಕಿಡಿ ಹಾರಿತು, ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಇಳಿದು ಬಂದು ಸ್ವಿಚ್ ಹಾಕಿದಳು. ಗುಂಯ್.

"ಸೊನ್ನೆ ಬಂದವಳು ಹಾಕಿದ್ದು ಮೇಡಂ, ದಾಖಲೆಗೆ ಹೊಂದಲ್ಲ," ಎಂದು ಅದನ್ನು ಚೀಲಕ್ಕೆ ಹಾಕಿಕೊಂಡಳು. "ಏಳನೇ ತಿಂಗಳು ಸಹಾಯಕ ಶಿಕ್ಷಕರು ಹಾಕ್ತಾರೆ."

ಮೆಟ್ಟಿಲಿಳಿದು ಹೋದವಳು ಮತ್ತೆ ಆ ಹಾಲ್‌ಗೆ ಹೋಗಲಿಲ್ಲ. ಪ್ರಮಾಣಪತ್ರವೂ ಹೋಯಿತು. ಬೆಳಿಗ್ಗೆ ಗೋದಾಮು, ಮಧ್ಯಾಹ್ನದ ಮೇಲೆ ನನ್ನ ಮೇಜಿನ ತುದಿಯಲ್ಲಿ ಒಂದು ಸ್ಟೂಲ್. ಅರ್ಧ ದಿನವಾದರೂ ಆ ಹೊಗೆ ತಪ್ಪಲಿ ಎಂದು ನಾನೇ ಬಲವಂತ ಮಾಡಿದೆ. ಅರ್ಧ ಸಂಬಳವೂ ತಪ್ಪಿತು ಎಂದು ಅವಳು ದಿನಕ್ಕೊಂದು ಸಲ ನೆನಪಿಸುತ್ತಾಳೆ.

ಏಳನೇ ತಿಂಗಳು ನಮೂನೆ ಸರ್ ಅಂಗಡಿಗೆ ಬಂದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೈಯಲ್ಲಿ ನಿಧಿಯವರ ಹೊಳೆಯುವ ವರದಿ ಪುಸ್ತಕ. ಮುಖಪುಟದ ತುಂಬ ನನ್ನ ನಾದಿನಿ, ಸ್ಟೂಲಿನ ಮೇಲೆ ನಿಂತು ಫ್ಯಾನಿಗೆ ಕೈ ಹಾಕಿದ್ದಾಳೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಸೊನ್ನೆಯಿಂದ ಶಿಖರಕ್ಕೆ' ಎಂದಿತ್ತು.

"ನಿಮ್ಮ ಫೋಟೋದಿಂದ್ಲೇ ಅನುದಾನ ಎರಡು ಪಟ್ಟು ಆಯ್ತಮ್ಮ," ಎಂದರು. ಆಮೇಲೆ ದನಿ ತಗ್ಗಿಸಿ, "ಹಾಗೇ ಒಂದ್ನಿಮಿಷ ಮೇಲೆ ಬಂದು ಆ ಫ್ಯಾನು..." ಎಂದರು.

ನಾದಿನಿ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದಳು. "ಫೋಟೋ ಚೆನ್ನಾಗಿ ಬಂದಿದೆ ಸರ್. ನಾನು ಕಂಡೆನ್ಸರ್ ಕಳಚ್ತಾ ಇರೋದು ಎಷ್ಟು ಸ್ಪಷ್ಟವಾಗಿದೆ."

ನಮೂನೆ ಸರ್ ಪುಸ್ತಕ ಇಸಿದುಕೊಂಡು ಹತ್ತಿರ ಹಿಡಿದರು, ದೂರ ಹಿಡಿದರು. ಹಾಕುವುದಕ್ಕೂ ಕಳಚುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಎಷ್ಟನೇ ತಿಂಗಳ ಪಾಠವೋ ಗೊತ್ತಿಲ್ಲ. ನಾದಿನಿ ಬಾಯಿಗೆ ಸೆರಗು ಹಿಡಿದು ಕೆಮ್ಮು ನಿಲ್ಲುವವರೆಗೆ ಕಾದು, ಅರ್ಧಕ್ಕೆ ಬಿಟ್ಟಿದ್ದ ಮಿಕ್ಸಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.