ಶ್ರಾದ್ಧಕ್ಕೆಂದು ಹಾಕಿದ ಹಾಗಲ

ಜಯಾ ತರಕಾರಿ ಬೆಳೆಯಲು ಹೊರಟಿದ್ದು ತೋಟದ ಆಸೆಯಿಂದಲ್ಲ. ತಂದೆಯ ಶ್ರಾದ್ಧದ ಎಲೆಯ ಮೇಲೆ ತನ್ನ ಕೈಯದು ಏನಾದರೂ ಒಂದು ಇರಬೇಕು ಎನ್ನುವುದಷ್ಟೇ ಅವಳಿಗೆ ಬೇಕಿದ್ದದ್ದು.

ಅಡುಗೆ ಅವಳು ಮಾಡುವಂತಿರಲಿಲ್ಲ. ಮದುವೆಯಾದ ಮರುವರ್ಷವೇ ಗಂಡ ಟೈಫಾಯ್ಡಿನಲ್ಲಿ ಹೋದಾಗ, ಅವಳ ತಲೆ ಬೋಳಿಸಲು ಕರೆಸಿದ್ದವನನ್ನು ತಂದೆ ಬೈದು ಹಿತ್ತಿಲಿನಿಂದಲೇ ಓಡಿಸಿ, ಮಗಳನ್ನು ಜಯನಗರದ ಮನೆಗೆ ಕರೆತಂದಿದ್ದರು. ಕೂದಲು ಉಳಿಯಿತು. ಕೂದಲಿರುವ ವಿಧವೆ ಪಿತೃಕಾರ್ಯದ ಅಡುಗೆ ಮುಟ್ಟಬಾರದೆಂಬ ಕಟ್ಟಳೆಯೂ ಉಳಿಯಿತು. ದಿನವೂ ಮನೆಮಂದಿಗೆಲ್ಲ ಬೇಯಿಸಿಹಾಕುವ ಕೈ, ತಂದೆಯ ತಿಥಿಯ ದಿನ ಮಾತ್ರ ಹಿತ್ತಿಲಲ್ಲಿ ಸುಮ್ಮನೆ ಕೂರಬೇಕು. ಹೋದ ವರ್ಷ ಹಾಗೆಯೇ ಕೂತಿದ್ದಳು. ಅಡುಗೆ ಮಾಡಿದವರು ಬಸವನಗುಡಿಯಿಂದ ಬಂದ ಸೋದರತ್ತೆ ವೆಂಕಮ್ಮ. ಬೋಳುತಲೆ, ಕೆಂಪು ಮಡಿಸೀರೆ, ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ.

೧೯೫೯ರ ಸಂಕ್ರಾಂತಿಗೆ ವೆಂಕಮ್ಮ ಬಂದಾಗ, ತಾನು ಬೆಳೆದುಕೊಟ್ಟರೆ ಆದೀತೇ ಎಂದು ಜಯಾ ಕೇಳಿದಳು. ವೆಂಕಮ್ಮ ಯೋಚಿಸಿದರು. ಗಿಡದಲ್ಲಿರುವ ಕಾಯಿಗೆ ಯಾರ ಮೈಲಿಗೆಯೂ ತಟ್ಟುವುದಿಲ್ಲ, ತೊಳೆದು ಒಳಗೆ ತೆಗೆದುಕೊಳ್ಳುತ್ತೇನೆ ಎಂದರು. ಟೊಮೆಟೊ, ಕೋಸು, ಬೀನ್ಸು ಇಂಥ ಇಂಗ್ಲಿಷ್ ತರಕಾರಿ ಶ್ರಾದ್ಧಕ್ಕೆ ಬರುವುದಿಲ್ಲ. ಹಾಗಲ ಹಾಕು, ಗೋರಿಕಾಯಿ ಹಾಕು. ತಿಥಿ ವೈಶಾಖದಲ್ಲಿತ್ತು.

ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಇವರ ಹಿತ್ತಿಲೆಂದರೆ ಮನೆ ಕಟ್ಟಿದವರು ಬಿಟ್ಟುಹೋದ ಇಟ್ಟಿಗೆ ಚೂರು, ಗಾರೆ, ಅದರ ಕೆಳಗೆ ಕೆಂಪು ಮಣ್ಣು. ಜಯಾಗೆ ಬೇಸಾಯದ ಗಂಧಗಾಳಿ ಇರಲಿಲ್ಲ. ಹಾಲು ತರುತ್ತಿದ್ದ ಸೊಣ್ಣಮ್ಮನಿಂದ ಸಗಣಿ ಕೇಳಿ, ಹಸಿಹಸಿಯಾಗಿಯೇ ಬುಡಕ್ಕೆ ಹಾಕಿದಳು. ಆ ಕಾವಿಗೆ ಮೊಳಕೆಗಳು ಬೆಂದುಹೋದವು. ಮತ್ತೆ ಬಿತ್ತಿದಳು. ಬಾಡಿವೆಯಲ್ಲ ಎಂದು ನಡುಮಧ್ಯಾಹ್ನ ನೀರು ಹೊಯ್ದಳು; ಅವೂ ಉಳಿಯಲಿಲ್ಲ. ಮೂರನೆಯ ಸಲ ತೆಂಗಿನ ಗರಿಯ ನೆರಳು ಕಟ್ಟಿ, ಬುಡಕ್ಕೆ ಒಣಗಿದ ಎಲೆ ಹರಡಿ, ಬಿಸಿಲಿಳಿದ ಮೇಲೆ ನೀರು ಹಾಕತೊಡಗಿದಳು. ಆಗ ಹಿಡಿದವು.

ಪಾತ್ರೆ ತೊಳೆದ ನೀರು ಎಷ್ಟೋ ಇತ್ತು. ಆದರೆ ಮುಸುರೆ ನೀರು ಶ್ರಾದ್ಧದ ಗಿಡಕ್ಕೆ ಹೇಗೆ ಹಾಕುವುದು? ಬಾವಿಯಿಂದ ಬೇರೆಯೇ ಸೇದುತ್ತಿದ್ದಳು. ಬೇಸಿಗೆ ಏರಿದಂತೆ ಹಗ್ಗ ಉದ್ದವಾಗುತ್ತ ಹೋಯಿತು, ಅಂಗೈ ಕಿತ್ತುಬಂತು. ಅತ್ತಿಗೆ ಸೀತಾಲಕ್ಷ್ಮಿ ನೋಡಿ, ಈ ಭಕ್ತಿಯ ಅರ್ಧದಷ್ಟಾದರೂ ಬಟ್ಟೆ ಒಗೆಯುವುದರಲ್ಲಿದ್ದರೆ ಮನೆ ಬೆಳ್ಳಗಿರುತ್ತಿತ್ತು ಎಂದಳು.

ಹಾಗಲಬಳ್ಳಿ ಗೋಡೆ ಹತ್ತಿ ಹೂ ಬಿಟ್ಟಿತು. ಬಿಟ್ಟ ಹೂವೆಲ್ಲ ಉದುರಿತು. ದಿನವೂ ಬೆಳಿಗ್ಗೆ ನೆಲದ ತುಂಬ ಹಳದಿ ಹೂ, ಬಳ್ಳಿಯಲ್ಲಿ ಒಂದು ಹೀಚೂ ಇಲ್ಲ. ಮೊದಲು ಬರುವವೆಲ್ಲ ಗಂಡು ಹೂ, ಉದುರುವುದೇ ಅವುಗಳ ಸ್ವಭಾವ ಎಂದು ಅವಳಿಗೆ ಗೊತ್ತಿರಲಿಲ್ಲ. ಹೇಳುವವರೂ ಇರಲಿಲ್ಲ. ಪಕ್ಕದ ಮನೆಯ ಬದರಿನಾಥರಿಗೆ ಗೊತ್ತಿದ್ದದ್ದು ಗುಲಾಬಿ ಮಾತ್ರ. ಅವರು ಗೋಡೆಯಾಚೆಯಿಂದ ನೋಡಿ, ಮಣ್ಣಿನಲ್ಲಿ ಕಸುವಿಲ್ಲ ಎಂದು ಒಂದು ಡಬ್ಬಿ ದಾಟಿಸಿದರು.

"ಮೂಳೆಪುಡಿ ಕಣಮ್ಮ. ನಮ್ಮನೇಲಿ ಸುಣ್ಣ ಅಂತ ಹೇಳಿಟ್ಟಿದೀನಿ."

ಡಬ್ಬಿ ಎರಡು ದಿನ ಒಗೆಯುವ ಕಲ್ಲಿನ ಹಿಂದೆ ಕೂತಿತ್ತು. ಮೂರನೆಯ ದಿನವೂ ಹೂ ಉದುರಿತು. ತಿಥಿ ಹತ್ತಿರವಾಗುತ್ತಿತ್ತು. ಮಣ್ಣೆಂದರೆ ಸತ್ತದ್ದೆಲ್ಲ ಸೇರಿಯೇ ಆದದ್ದು ಎಂದುಕೊಂಡು ಜಯಾ ಬುಡ ಕೆದಕಿ, ಪುಡಿ ಹಾಕಿ, ಮುಚ್ಚಿದಳು. ವಾರ ಕಳೆಯುವುದರಲ್ಲಿ ಹೂವಿನ ಹಿಂದೆ ಪುಟ್ಟ ಹಾಗಲ ಕಾಣಿಸಿತು. ಪುಡಿ ಹಾಕದಿದ್ದರೂ ಅದು ಬರುತ್ತಿತ್ತು.

ತಿಥಿಯ ಹಿಂದಿನ ಸಂಜೆ ವೆಂಕಮ್ಮ ಹಿತ್ತಿಲಿಗೆ ಬಂದು ಕಾಯಿಗಳನ್ನು ನೋಡಿದರು. ಅವರ ಮುಖದಲ್ಲಿ ಅಪರೂಪಕ್ಕೆ ಮೆಚ್ಚುಗೆ ಇತ್ತು. ನಿನ್ನಪ್ಪನಿಗೆ ಹಾಗಲವೆಂದರೆ ಪ್ರಾಣ ಎಂದರು. ಅಷ್ಟರಲ್ಲಿ ಅಣ್ಣ ಅನಂತರಾಮು ಬದರಿನಾಥರನ್ನು ಕರೆದುಕೊಂಡು ಬಂದ. ಮಾರನೆಯ ದಿನ ಬ್ರಾಹ್ಮಣಾರ್ಥಕ್ಕೆ, ಪಿತೃಗಳ ಸ್ಥಾನದಲ್ಲಿ ಊಟಕ್ಕೆ, ಕೂರುವವರಲ್ಲಿ ಅವರೂ ಒಬ್ಬರು. ಬದರಿನಾಥರು ಬಳ್ಳಿ ನೋಡಿ ಹಿಗ್ಗಿದರು.

"ನೋಡಿದೆಯೇನಮ್ಮ, ನನ್ನ ಪುಡಿ ಏನು ಕೆಲಸ ಮಾಡಿದೆ."

ಯಾವ ಪುಡಿ ಎಂದು ವೆಂಕಮ್ಮ ಕೇಳಿದರು. ಬದರಿನಾಥರು ತಮ್ಮ ಚಪ್ಪಲಿ ನೋಡಿಕೊಂಡರು. ವೆಂಕಮ್ಮ ಜಯಾಳ ಕಡೆ ತಿರುಗಿದರು. ಬೂದಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಬೂದಿ ಎಂದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಸುಳ್ಳು ಹೇಳಿ ಬಡಿಸುವುದಕ್ಕೆ ಅವಳು ಅಷ್ಟು ನೀರು ಸೇದಿರಲಿಲ್ಲ.

"ಮೂಳೆಪುಡಿ ಅತ್ತೆ."

ವೆಂಕಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ಮೂಳೆ ತಿಂದ ಬಳ್ಳಿ ಕಾಯಿನ ಅಪ್ಪನ ಎಲೆಗೆ ಹಾಕ್ಬೇಕು ಅಂತಿದ್ಯಾ?"

"ಕೊಟ್ಟವರು ಇವರೇ. ಇವರು ನಾಳೆ ಎಲೆ ಮುಂದೆ ಕೂರ್ತಾರಲ್ಲ."

"ಅವ್ರು ಸ್ನಾನ ಮಾಡ್ಕೊಂಡು ಬರ್ತಾರೆ. ಹಾಗಲಕಾಯಿ ಸ್ನಾನ ಮಾಡತ್ತಾ?"

ಜಯಾ ಅಣ್ಣನ ಮುಖ ನೋಡಿದಳು. ಹೋದ ವಾರ ಬಂದ ಮೊದಲ ಕಾಯಿಯ ಪಲ್ಯವನ್ನು ಅವನು ಎರಡು ಸಲ ಹಾಕಿಸಿಕೊಂಡಿದ್ದ. ಅವನು ಒಳಗೆ ಹೋಗಿ ಚೀಲ ತಂದು, ಸೈಕಲ್ ಹತ್ತಿ ಗಾಂಧಿಬಜಾರಿಗೆ ಹೋದ. ಅಲ್ಲಿಂದ ತಂದ ಹಾಗಲ ಯಾವ ಮೋರಿ ನೀರು ಕುಡಿದು ಬೆಳೆದದ್ದೋ, ಯಾರೂ ಕೇಳಲಿಲ್ಲ. ಗೋರಿಕಾಯಿಗೆ ಜಯಾ ಪುಡಿ ಹಾಕಿರಲಿಲ್ಲ. ಆದರೆ ಅದೂ ಅದೇ ಮಣ್ಣಿನದಾದ್ದರಿಂದ ಅದೂ ಬೇಡವಾಯಿತು.

ಮಾರನೆಯ ದಿನ ಅವಳು ಹೋದ ವರ್ಷದ ಜಾಗದಲ್ಲೇ ಕೂತಳು. ಒಳಗೆ ಬದರಿನಾಥರು ತೃಪ್ತಿಯಾಯಿತು ಎಂದದ್ದು ಅಲ್ಲಿಗೂ ಕೇಳಿಸಿತು.

ಅದರ ಮರುದಿನ ಬಸವನಗುಡಿಗೆ ಹೊರಟ ವೆಂಕಮ್ಮ ಅವಳನ್ನು ಕರೆದರು. "ಇನ್ನು ಪರವಾಗಿಲ್ಲ ಕಣೆ. ಆ ಹಾಗಲ ದಿನದ ಅಡುಗೆಗೆ ನಡೆಯತ್ತೆ. ಗೊಜ್ಜು ಮಾಡಿಹಾಕು ಎಲ್ರಿಗೂ." ಅದರಲ್ಲಿ ಕೊಂಕಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ಜಯಾಳೂ ದಿನದ ಅಡುಗೆಗೆ ನಡೆಯುತ್ತಿದ್ದಳು.

ಅಂದು ಸಂಜೆ ಅವಳು ಬಾವಿಗೆ ಹಗ್ಗ ಇಳಿಸಲಿಲ್ಲ. ಮಾರನೆಯ ಸಂಜೆಯೂ ಇಲ್ಲ. ಆ ಬಿಸಿಲಿಗೆ ಹೆಚ್ಚು ದಿನ ಬೇಕಾಗಲಿಲ್ಲ. ಎಲೆ ಸುರುಟಿತು. ಕಾಯಿ ಹಳದಿಯಾಗಿ ಬಾಯಿಬಿಟ್ಟು, ಒಳಗಿನ ಕೆಂಪು ಬೀಜ ತೋರಿಸಿಕೊಂಡು ನೇತಾಡಿತು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಬಂದ ಅನಂತರಾಮು ಅದನ್ನು ಕಂಡ.

"ನೀರು ಹಾಕ್ಲಿಲ್ವಾ ಜಯಾ?"

"ಇಲ್ಲ."

"ಇಷ್ಟು ಕಷ್ಟಪಟ್ಟು ಬೆಳೆಸಿದ್ದು."

"ಬಾವಿ ಅಲ್ಲೇ ಇದೆಯಲ್ಲ ಅಣ್ಣ. ಹಾಕು."

ಅವನು ಬಾವಿಯ ಕಡೆ ನೋಡಿದ. ಆಮೇಲೆ ಬಾಯಿ ಮುಕ್ಕಳಿಸಿ, ಆಫೀಸಿಗೆ ಹೊತ್ತಾಯಿತು, ಅನ್ನ ಆಗಿದೆಯೇ ಎಂದು ಕೇಳಿದ.