ಬ್ಯಾಡ ಅಂದದ್ದು ಹೋಳಿಗಿಗಷ್ಟೇ

ತಟ್ಟೆ ಭುವನೇಶ್ವರಿಯ ಮುಂದೆ ಬಂದು ನಿಂತಾಗ ಮೊದಲು ಮೂಗಿಗೆ ಬಡಿದದ್ದು ತುಪ್ಪದ ವಾಸನೆ. ಹಂಚಿನಿಂದ ಆಗಷ್ಟೇ ಇಳಿದ ಶೇಂಗಾ ಹೋಳಿಗೆ, ಅಂಚಿನಲ್ಲಿ ಬೆಲ್ಲ ಕರಗಿ ಕಂದುಬಣ್ಣಕ್ಕೆ ತಿರುಗಿತ್ತು. ತಟ್ಟೆ ಹಿಡಿದು ನಿಂತಿದ್ದ ಬಂಡೆಮ್ಮ, ರಮಾಬಾಯಿಯ ತಾಯಿ, ನಗುತ್ತಿರಲಿಲ್ಲ. ಅದೇ ಸಾಲಿನಲ್ಲಿ ಆಗಲೇ ಇಬ್ಬರಿಂದ ಬೇಡ ಅನ್ನಿಸಿಕೊಂಡು ಬಂದ ತಟ್ಟೆ ಅದು.

"ನನಗ ಆಸಿಡಿಟಿ ಅದರಿ," ಎಂದಿದ್ದರು ಮಹಾದೇವ ಸರ್.

"ನಂದು ಇವತ್ತ ಒಪ್ಪತ್ತು," ಎಂದಿದ್ದರು ಮಾನಮ್ಮ ಟೀಚರ್.

ಇಬ್ಬರೂ ಪಕ್ಕದ ಬುಟ್ಟಿಯಿಂದ ಒಂದೊಂದು ಕೆಂಪು ಬಾಳೆಹಣ್ಣು ತೆಗೆದುಕೊಂಡು ಸುಲಿಯತೊಡಗಿದ್ದರು. ಸಿಪ್ಪೆಯೊಳಗಿನ ಹಣ್ಣು ಯಾರ ಮನೆಯದಾದರೂ ನಡೆಯುತ್ತದೆ.

ಈ ಮೂವರೂ, ರಮಾಬಾಯಿಯೂ ಕಮಲಾಪುರದ ಒಂದೇ ಶಾಲೆಯಲ್ಲಿ ಪಾಠ ಹೇಳುವವರು. ರಮಾಬಾಯಿ ವಿಜ್ಞಾನದ ಟೀಚರ್. ಬಾಡಿಗೆ ಮನೆಗಳಲ್ಲಿ ದಿನ ಕಳೆದು, ಕೊನೆಗೆ ತನ್ನ ಓಣಿಯಲ್ಲೇ ಸ್ವಂತದ ಮನೆ ಕಟ್ಟಿಸಿದ್ದಳು. ಇವತ್ತು ಅದರ ಗೃಹಪ್ರವೇಶ; ಮುಂಜಾನೆ ಬುದ್ಧ ವಂದನೆ ಮುಗಿದಿತ್ತು. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು; ಇಬ್ಬರಿಗೂ ಹಾಕಿದ ಸೇವಂತಿಗೆ ಹಾರ ಇನ್ನೂ ಬಾಡಿರಲಿಲ್ಲ. ಶಾಲೆಯ ಎಲ್ಲರಿಗೂ ಕರೆ ಹೋಗಿತ್ತು. ಬಂದವರು ಈ ಮೂವರೇ.

ಭುವನೇಶ್ವರಿ ಕಲಬುರಗಿಯ ಬ್ರಹ್ಮಪುರದವಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಇವತ್ತು ಹೊರಡುವಾಗ ಅತ್ತೆ ಚಂದಮ್ಮ ಬಾಗಿಲ ತನಕ ಬಂದಿದ್ದರು.

"ಹೋಗು, ಬ್ಯಾಡ ಅನ್ನಲ್ಲ. ಆದ್ರ ಅಲ್ಲಿ ಏನೂ ಮುಟ್ಟಬ್ಯಾಡ. ಶುಗರ್ ಅದ ಅನ್ನು, ಮುಗೀತು. ಯಾರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ."

ಕೇಳಿ ಭುವನೇಶ್ವರಿಗೆ ನಗು ಬಂದಿತ್ತು. ಡಾಕ್ಟರು ಶುಗರ್ ಎಂದಾಗ ಇದೇ ಅತ್ತೆ ನಂಬಿರಲಿಲ್ಲ. "ಶುಗರ್ ಅಲ್ಲ ಅದು, ಚಪಲ," ಎಂದಿದ್ದರು. ಹಾಗೆ ಅನ್ನಲು ಕಾರಣವೂ ಇತ್ತು. ನಾಗರ ಪಂಚಮಿಯ ಮಧ್ಯಾಹ್ನ ಮನೆಯವರೆಲ್ಲ ಅಡ್ಡಾಗಿದ್ದಾಗ ಅವಳು ಉಗ್ರಾಣದಲ್ಲಿ ನಿಂತುಕೊಂಡೇ ಹೋಳಿಗೆ ತಿಂದಿದ್ದಳು. ಒಂದು ಮುಗಿಯುವ ಮೊದಲೇ ಕೈ ಇನ್ನೊಂದರ ಮೇಲಿರುತ್ತಿತ್ತು. ಹಸಿವಲ್ಲ, ಹೊಟ್ಟೆ ಯಾವಾಗಲೋ ಸಾಕೆಂದಿತ್ತು. ರುಚಿಯೂ ತಿಳಿಯುತ್ತಿರಲಿಲ್ಲ. ಬುಟ್ಟಿಯ ತಳ ಕಂಡ ಮೇಲೆಯೇ ಕೈ ನಿಂತದ್ದು. ತಿರುಗಿದರೆ ಬಾಗಿಲಲ್ಲಿ ಅತ್ತೆ. ಆವತ್ತು ಸಂಜೆ ಗಂಡ ವಿವೇಕಾನಂದ ಎಲ್ಲರೆದುರು "ನಮ್ಮ ಮನ್ಯಾಗ ಬೆಕ್ಕು ಸಾಕೋದು ಬ್ಯಾಡ, ಒಂದು ಅದ," ಎಂದು ನಕ್ಕಿದ್ದ. ಮರುವಾರ ಬೋರ್ಡಿನ ಮೇಲೆ ತಾನೇ ಬರೆದ ಅಕ್ಷರ ಕಣ್ಣಿಗೆ ಮಂಜುಮಂಜಾಗಿ ಕಂಡಾಗ ಅವಳು ಹೆದರಿ ಡಾಕ್ಟರ ಹತ್ತಿರ ಹೋಗಿದ್ದಳು. ಆಮೇಲೆ ಅವಳು ಸಿಹಿ ಮುಟ್ಟಿರಲಿಲ್ಲ. ಯಾರೂ ಶಭಾಷ್ ಅನ್ನಲಿಲ್ಲ. ಮಿಠಾಯಿ ಅಂಗಡಿ ದಾಟುವಾಗ ಅವಳು ಬ್ಯಾಗಿನ ಪಟ್ಟಿಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳೆಂದು ಯಾರಿಗೂ ಗೊತ್ತಿರಲಿಲ್ಲ.

ಈಗ ತಟ್ಟೆ ಮುಂದಿತ್ತು, ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ನಿಜವಾದ ಮಾತೇ. ಆದರೆ ಆಸಿಡಿಟಿ, ಒಪ್ಪತ್ತುಗಳ ಪಕ್ಕದಲ್ಲಿ ಇಟ್ಟರೆ ಅದೂ ಅವುಗಳ ಜಾತಿಗೇ ಸೇರಿಬಿಡುತ್ತಿತ್ತು.

'ಹಾಗಿದ್ದರೆ ತಿಂದುಬಿಡು,' ಎಂದಿತು ಒಳಗಿನಿಂದ ಒಂದು ದನಿ. 'ಇವತ್ತು ತಿನ್ನದಿದ್ದರೆ ಪಾಪ. ಮುದುಕಿಯ ಮುಖ ನೋಡು.'

ಆ ದನಿಯ ಗುರುತು ಅವಳಿಗೆ ಹತ್ತಿತು. ಅದು ಯಾವತ್ತೂ ನೆಪವಿಲ್ಲದೆ ಬಂದದ್ದಿಲ್ಲ. ಹಬ್ಬ ಎಂದು ಬಂದಿತ್ತು, ಮದುವೆ ಎಂದು ಬಂದಿತ್ತು, ಬೀಗರ ಮನಸ್ಸು ನೋಯಬಾರದು ಎಂದು ಬಂದಿತ್ತು. ಇವತ್ತು ನ್ಯಾಯದ ಸೀರೆ ಉಟ್ಟು ಬಂದಿತ್ತು. ಆದರೆ ಸೀರೆಯೊಳಗೆ ಇದ್ದದ್ದು ಉಗ್ರಾಣದಲ್ಲಿ ನಿಂತಿದ್ದ ಅದೇ ಆಸೆ. ಅವಳಿಗೆ ಸಿಟ್ಟು ಬಂತು. ಆ ದನಿಯ ಮೇಲೆ, ಅತ್ತೆಯ ಉಪದೇಶದ ಮೇಲೆ, ಬಾಳೆಹಣ್ಣು ಸುಲಿಯುತ್ತಿದ್ದವರ ನಾಜೂಕು ಬೆರಳುಗಳ ಮೇಲೆ, ಒಟ್ಟಿಗೇ.

"ಆಯಿ, ಹೋಳಿಗಿ ಬ್ಯಾಡ," ಎಂದಳು.

ಬಂಡೆಮ್ಮ ತಟ್ಟೆ ಹಿಂದಕ್ಕೆ ಎಳೆದುಕೊಂಡರು. "ನಿಮಗ ಶುಗರ್ ಇರ್ಬೇಕಲಾ?"

"ಹೌದ್ರಿ, ಅದ."

"ಇರ್ತದ, ಇರ್ತದ. ನಮ್ಮ ಮನಿ ಹೊಸ್ತಿಲ ದಾಟಿದ್ರ ಎಲ್ಲಾರಿಗೂ ಒಂದೊಂದು ಬ್ಯಾನಿ ಬರ್ತದ."

"ಅವ್ವಾ!" ಎಂದಳು ರಮಾಬಾಯಿ ಒಳಬಾಗಿಲಿನಿಂದ. ಮಹಾದೇವ ಸರ್ ಸಿಪ್ಪೆ ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು.

ಭುವನೇಶ್ವರಿ ಕುರ್ಚಿಯಿಂದ ಎದ್ದಳು. "ಆಯಿ, ರೊಟ್ಟಿ ಆಗ್ಯಾವೇನ್ರಿ?"

"ಯಾಕ?"

"ಹಸಿವಾಗೇದ. ಊಟಕ್ಕ ನೀಡ್ರಿ."

ಮಾನಮ್ಮ ಟೀಚರ್ ಅವಳ ಸೆರಗು ಜಗ್ಗಿದರು. "ಬಸ್ಸಿನ ಟೈಮ್ ಆಗ್ಯಾದ್ರಿ ಮೇಡಂ."

"ಹೋಗ್ಲಿ ಬಿಡ್ರಿ, ಇನ್ನೊಂದು ಬರ್ತದ."

ಅವಳು ಸೆರಗು ಬಿಡಿಸಿಕೊಂಡು, ಯಾರೂ ಕರೆಯುವ ಮೊದಲೇ ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ನೆಲಕ್ಕೆ ಕುಳಿತಳು. ಹೊಸ ಸಿಮೆಂಟಿನ ತಂಪು ಸೀರೆ ದಾಟಿ ಮೈಗೆ ತಾಕಿತು. ಬಂಡೆಮ್ಮ ಬಾಗಿಲಲ್ಲೇ ನಿಂತಿದ್ದರು. ರಮಾಬಾಯಿಯೇ ಗಂಗಾಳ ಇಟ್ಟು, ಜೋಳದ ರೊಟ್ಟಿ, ಪುಂಡಿಪಲ್ಯ, ಚಟ್ನಿಗೆ ಶೇಂಗಾ ಹಿಂಡಿ ನೀಡಿದಳು. ಭುವನೇಶ್ವರಿ ರೊಟ್ಟಿ ಮುರಿದು ಬಾಯಿಗಿಟ್ಟಳು. ಪುಂಡಿಯ ಹುಳಿ ನಾಲಿಗೆಯ ಬುಡದ ತನಕ ಇಳಿಯಿತು. ಒಂದು ರೊಟ್ಟಿ ಮುಗಿಸಿ ಇನ್ನೊಂದು ಕೇಳಿದಳು.

ಹೋಳಿಗೆಯ ಬುಟ್ಟಿ ಮೊಣಕಾಲಿನ ಪಕ್ಕದಲ್ಲೇ ಇತ್ತು. ಕಣ್ಣು ಮತ್ತೆ ಮತ್ತೆ ಅತ್ತಲೇ ಹೋಗುತ್ತಿತ್ತು. ಬಂಡೆಮ್ಮ ಅದನ್ನು ನೋಡುತ್ತಿದ್ದರು.

"ರೊಟ್ಟಿ ಉಣ್ತೀರಿ, ಹೋಳಿಗಿ ಯಾಕ ಒಲ್ಲೆಂತೀರಿ? ಇದೇನ್ ಹೊಸಾ ಮಡಿ?"

ಹೊರಗೆ ಕುಳಿತವರಿಗೆ ಪ್ರತಿ ಮಾತೂ ಕೇಳುತ್ತಿತ್ತು. ಕೇಳಲಿ ಎಂದುಕೊಂಡಳು ಭುವನೇಶ್ವರಿ.

"ಮಡಿ ಅಲ್ರಿ ಆಯಿ. ಒಂದು ತಿಂದ್ರ ನನಗ ನಿಲ್ಲಂಗಿಲ್ಲ. ಬುಟ್ಟಿ ಖಾಲಿ ಆಗೋತನಕ ಕೈ ತಡ್ಯಾಂಗಿಲ್ಲ. ಮನ್ಯಾಗ ಕದ್ದು ತಿಂದು ಸಿಕ್ಕಿಬಿದ್ದೀನಿ, ಬೆಕ್ಕು ಅನ್ನಿಸ್ಕೊಂಡೀನಿ. ಕಣ್ಣು ಮಂಜಾಗ್ಲಾಕತ್ತಿದ್ವು. ಈಗ ಈ ವಾಸನಿಗೇ ಜೀವ ಹೋಗ್ಲಾಕತ್ತದ ನೋಡ್ರಿ. ಅದಕ್ಕ ಬ್ಯಾಡ ಅಂದೆ. ಬ್ಯಾಡ ಅಂದದ್ದು ಹೋಳಿಗಿಗಷ್ಟೇ. ನಿಮ್ಮ ಮನಿಗಲ್ಲ."

ಹೇಳಿ ಮುಗಿಸಿದಾಗ ಅವಳ ಕಿವಿಗಳು ಬಿಸಿಯಾಗಿದ್ದವು. ತನ್ನ ತಾಯಿಯ ಮುಂದೆಯೂ ಆಡದ ಮಾತು ಅದು.

ಬಂಡೆಮ್ಮ ಬಾಗಿಲು ಬಿಟ್ಟು ಒಳಗೆ ಬಂದರು. ಆಮೇಲೆ ಬಗ್ಗಿ ಬುಟ್ಟಿ ಎತ್ತಿ ಮಗಳ ಕೈಗೆ ಕೊಟ್ಟರು. "ಇದನ್ನ ಆ ಕ್ವಾಣ್ಯಾಗ ಇಡು, ಬಾಗಿಲ ಮುಚ್ಚು. ಪಾಪ, ಕಣ್ಣ ಮುಂದ ಇಟ್ಟು ಹಿಂಸಿ ಕೊಡ್ಲಾಕತ್ತೀವಿ." ಸೊಂಟ ಹಿಡಿದುಕೊಂಡು ಎದುರಿಗೆ ಕುಳಿತರು. "ಇನ್ನೊಂದು ಅರ್ಧ ರೊಟ್ಟಿ ಹಾಕ್ಕೊಳವ್ವಾ. ಹಿಂಡಿಗಿ ಎಣ್ಣಿ ಬೇಕೇನು?"

ಅವಳು ಕಲಬುರಗಿ ಮುಟ್ಟುವ ಮೊದಲೇ ಸುದ್ದಿ ಬ್ರಹ್ಮಪುರ ಮುಟ್ಟಿತ್ತು. ಮಾನಮ್ಮ ಟೀಚರರ ತಂಗಿಯ ಮನೆ ಇದ್ದದ್ದು ಭುವನೇಶ್ವರಿಯ ಓಣಿಯಲ್ಲೇ. ಚಂದಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು.

"ಉಂಡ್ಯಂತ?"

"ಉಂಡೆ ಅತ್ತಿ."

"ಶುಗರ್ ಅದ ಅನ್ನಂತ ಹೇಳಿದ್ದಿಲ್ಲೇನು?"

"ಅಂದೆ. ಹೋಳಿಗಿ ಬಿಟ್ಟೆ. ರೊಟ್ಟಿ ಉಂಡೆ."

"ಜಳಕ ಮಾಡಿ ಒಳಗ ಬಾ."

"ಮುಂಜಾನಿ ಮಾಡೀನಿ."

"ಹಂಗಾದ್ರ ದೇವರ ಕ್ವಾಣಿ ಹೊಗಬ್ಯಾಡ."

"ದೇವರಿಗಿ ನಾನೇ ಹೇಳ್ಕೋತೀನ್ರಿ, ಎಲ್ಲಿ ಉಂಡೆ, ಏನ್ ಉಂಡೆ ಅಂತ. ನೀವು ಸರೀರಿ, ಕಾಲು ನೋಯ್ಲಾಕತ್ತಾವ."

ಮದುವೆಯಾಗಿ ಬಂದಾಗಿನಿಂದ ಈ ಬಾಗಿಲಲ್ಲಿ ಅವಳು ಹೀಗೆ ಮಾತಾಡಿದ್ದಿಲ್ಲ. ಚಂದಮ್ಮ ಸರಿಯಲಿಲ್ಲ. ಭುವನೇಶ್ವರಿಯೂ ಹಿಂದೆ ಹೋಗಲಿಲ್ಲ. ಕೊನೆಗೆ ಅತ್ತೆ ಸೆರಗು ಮೈಗೆ ಸುತ್ತಿಕೊಂಡು, ಸೊಸೆಗೆ ತಾಕದ ಹಾಗೆ ಪಕ್ಕಕ್ಕೆ ನಿಂತರು. ನಂತರ ಅಡುಗೆಮನೆಯಿಂದ ಪಾತ್ರೆಗಳ ಸದ್ದು ಜೋರಾಗಿ ಕೇಳಿಬಂತು.

ಪಡಸಾಲೆಯಲ್ಲಿ ಮಾವ ದೌಲಪ್ಪ ಪೇಪರು ಮುಖಕ್ಕೆ ಹಿಡಿದು ಕುಳಿತಿದ್ದರು. ಇಷ್ಟೂ ಹೊತ್ತು ಅವರು ಪುಟ ತಿರುವಿರಲಿಲ್ಲ. ಭುವನೇಶ್ವರಿ ಕಂಬಕ್ಕೆ ಒರಗಿ ಕುಳಿತಳು.

"ಪುಂಡಿಪಲ್ಯ ಇತ್ತೇನವ್ವಾ?" ಎಂದರು ದೌಲಪ್ಪ, ಪೇಪರಿನ ಹಿಂದಿನಿಂದ, ಮೆಲ್ಲಗೆ.

"ಇತ್ರಿ ಮಾವ."

"ಬ್ಯಾಳಿ ಹಾಕಿದ್ರೋ, ಜ್ವಾಳದ ನುಚ್ಚೋ?"

"ನುಚ್ಚು. ಮ್ಯಾಲ ಬಳ್ಳೊಳ್ಳಿ ಒಗ್ಗರಣಿ."

ದೌಲಪ್ಪ ಪೇಪರು ಇಳಿಸಿ ಮಡಿಲ ಮೇಲೆ ಇಟ್ಟುಕೊಂಡರು. "ಬಳ್ಳೊಳ್ಳಿ ಹಸೀದಿತ್ತೋ, ಕೆಂಪಗ ಹುರಿದಿದ್ರೋ?"

ಭುವನೇಶ್ವರಿ ಕಾಲು ಚಾಚಿ ಕುಳಿತು, ಮೊದಲಿನಿಂದ ಹೇಳತೊಡಗಿದಳು. ಒಳಗೆ ಪಾತ್ರೆಗಳ ಸದ್ದು ನಿಂತಿತ್ತು.