ಭಾರ ಎಂದು ಬಿಟ್ಟ ದುರ್ಬೀನುಗಳು

ನಾನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರು ಮುಂದಿನ ಕೋಣೆಯಲ್ಲಿ ಜನರ ಬಾಯಿ ನೋಡುತ್ತಾರೆ. ಹಿಂದಿನ ಕೋಣೆಯಲ್ಲಿರುವ ನನಗೆ ಬರುವುದು ಬರೀ ಅಚ್ಚು. ಶೆಲ್ಫಿನ ತುಂಬ ಪ್ಲಾಸ್ಟರಿನ ದವಡೆಗಳು. ಯಾರ ಮುಖವೂ ಗೊತ್ತಿಲ್ಲ. ಅಷ್ಟೊಂದು ಬಾಯಿಗಳ ನಡುವೆ ಕೂತರೂ ಮಾತಾಡುವುದು ಒಂದೂ ಇಲ್ಲ. ಮನೆಗೆ ಹೋದರೆ ಅವೂ ಇಲ್ಲ. ಹೆಂಡತಿ ಬಿಟ್ಟುಹೋಗಿ ಬಹಳ ವರ್ಷವಾಯಿತು. ತಪ್ಪು ಯಾರದು ಅಂತ ಕೇಳಬೇಡಿ, ಕೇಳಿದರೆ ಅವಳದೇ ಅನ್ನುತ್ತೇನೆ.

“ಅಣ್ಣಾ, ಗೋಡೆ ಜೊತೆ ಎಷ್ಟು ದಿನ ಜಗಳ ಆಡ್ತೀಯ? ನಾಲ್ಕು ಜನ ಇರೋ ಕಡೆ ಹೋಗು,” ಎಂದು ತಂಗಿ ಫೋನಿನಲ್ಲಿ ಪ್ರಾಣ ತಿಂದಳು. ಅವಳ ಕಾಟ ತಾಳಲಾರದೆ ಭಾನುವಾರ ಹಕ್ಕಿ ನೋಡುವ ಗುಂಪಿಗೆ ಸೇರಿದೆ. ಹಕ್ಕಿಗಳ ಮೇಲೆ ನನಗೇನೂ ಮೋಹವಿರಲಿಲ್ಲ. ಇದು ಕಾಗೆ, ಇದು ಗುಬ್ಬಿ, ಮಿಕ್ಕಿದ್ದೆಲ್ಲ ಹಕ್ಕಿ, ಇಷ್ಟೇ ನನ್ನ ಜ್ಞಾನ.

ಕೊಳಚೆ ನೀರನ್ನು ಶುದ್ಧ ಮಾಡುವ ಘಟಕದ ಹಿಂದೆ ದೊಡ್ಡ ದೊಡ್ಡ ಹೊಂಡಗಳಿವೆ. ಮೂಗು ಮುಚ್ಚಿಕೊಂಡರೆ ಸ್ವರ್ಗ. ಮೊದಲ ದಿನ ಎಲ್ಲರ ಕೊರಳಲ್ಲೂ ದುರ್ಬೀನು ನೇತಾಡುತ್ತಿತ್ತು, ನನ್ನದು ಮಾತ್ರ ಬೋಳು ಕೊರಳು. ಹಿಂದೆ ಸರಿದು ನಿಂತೆ. ಆಗ ಪಕ್ಕದಲ್ಲಿದ್ದ ಹೆಂಗಸು ತಮ್ಮ ದುರ್ಬೀನಿನ ಪಟ್ಟಿಯನ್ನು ತಲೆಯಿಂದ ತೆಗೆದು ನನ್ನ ಕೊರಳಿಗೆ ಹಾಕಿದರು. “ಆ ಕಂಬದ ತುದಿ ನೋಡಿ. ಬೇಗ, ಮಿಂಚುಳ್ಳಿ!”

ನೋಡಿದೆ. ಅಬ್ಬಾ, ಅಂಥ ನೀಲಿ! ಆದರೆ ನಿಜ ಹೇಳಲೇ? ನನ್ನ ಎದೆ ಡವಗುಟ್ಟಿದ್ದು ನೀಲಿಗಲ್ಲ. ಆ ಪಟ್ಟಿ ಇನ್ನೂ ಬೆಚ್ಚಗಿತ್ತು. ಇನ್ನೊಬ್ಬರ ಮೈಯ ಬಿಸುಪು ನನ್ನ ಕತ್ತಿಗೆ ತಾಗಿ ಎಷ್ಟು ಕಾಲವಾಗಿತ್ತೋ.

ಅವರು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ, ಆದರೂ ಗುಂಪಿಗೆಲ್ಲ ಎಕ್ಸ್‌ರೇ ಅಕ್ಕ. ಅವರ ದುರ್ಬೀನು ಅವರ ಅಪ್ಪನ ಕಾಲದ್ದು, ಇಟ್ಟಿಗೆಯಷ್ಟು ಭಾರ. ಅಂದಿನಿಂದ ಪ್ರತಿ ಭಾನುವಾರ ಅದೇ ಕ್ರಮ. ಅವರು ಹಕ್ಕಿ ಹುಡುಕುವರು, ಒಂದು ಕ್ಷಣ ನೋಡುವರು, ಪಟ್ಟಿ ತೆಗೆದು ನನಗೆ ಹಾಕುವರು. ನಾನು ಕಣ್ಣಿಟ್ಟು ನೋಡುವಾಗ ಅವರು ಪಕ್ಕದಲ್ಲಿ ನಿಂತು, ಕೊಕ್ಕು ಹೇಗಿದೆ, ಬಾಲ ಎಲ್ಲಿದೆ ಎಂದು ಮೆಲ್ಲಗೆ ಹೇಳುತ್ತಿದ್ದರು. ವಾರದ ಆರು ದಿನ ನಾನು ಬದುಕಿದ್ದು ಆ ಪಿಸುಮಾತಿಗಾಗಿ.

ಇದಕ್ಕೆ ಅಡ್ಡ ಬಂದವರು ನಮ್ಮ ಗುಂಪಿನ ಲೀಡರ್. ಯಾವುದೋ ಆಫೀಸಿನಲ್ಲಿ ಮ್ಯಾನೇಜರ್ ಆಗಿದ್ದವರು, ನಿವೃತ್ತರಾದರೂ ಚಾಳಿ ಬಿಟ್ಟಿರಲಿಲ್ಲ. “ಏನ್ರೀ ಹಲ್ಲಣ್ಣ, ಇನ್ನೂ ಎಷ್ಟು ದಿನ ಎರವಲು? ಒಂದು ಬೈನಾಕ್ಯುಲರ್ ತಗೊಳ್ಳಿ. ಈಗ ಹಗುರವಾದ್ದು, ಕಡಿಮೆ ಬೆಲೆಗೆ ಬೇಕಾದಷ್ಟು ಸಿಗುತ್ತೆ.”

“ನೋಡ್ತಾ ಇದ್ದೀನಿ ಸಾರ್,” ಎಂದೆ. ಸುಳ್ಳಾಗಬಾರದೆಂದು ಕ್ಯಾಮೆರಾ ಅಂಗಡಿಗೆ ಹೋದೆ ಕೂಡ. ಅಂಗಡಿಯವನು ಒಂದೊಂದಾಗಿ ಗಾಜಿನ ಮೇಲೆ ಇಟ್ಟ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವುದನ್ನು ಎತ್ತಿದೆ: ಕೈ ನಡುಗಿದರೆ ಹಕ್ಕಿಯೂ ನಡುಗುತ್ತೆ, ಭಾರ ಬೇರೆ, ಬೇಡ ಎಂದೆ. ಕಿಸೆಯಲ್ಲಿ ಹಿಡಿಸುವಂಥದ್ದನ್ನು ಎತ್ತಿದೆ: ಹಗುರ ಹೌದು, ಆದರೆ ಕತ್ತಲೆ ಕತ್ತಲೆ, ನನ್ನ ಕನ್ನಡಕಕ್ಕೆ ಬೀಗದ ಕಿಂಡಿಯಲ್ಲಿ ನೋಡಿದಂತಾಗುತ್ತೆ ಎಂದೆ. ಎಂಟು ಪಟ್ಟಿನ ಮಧ್ಯಮ ಗಾತ್ರದ್ದೊಂದು ಕೊಟ್ಟ. ಹಾಳಾದ್ದು, ಚೆನ್ನಾಗಿಯೇ ಇತ್ತು! ತುಟ್ಟಿ ಎಂದು ವಾಪಸಿಟ್ಟೆ.

“ಸಾರ್, ನಿಮಗೆ ಬೈನಾಕ್ಯುಲರ್ ಬೇಕೋ, ಬೇಡವೋ?” ಎಂದು ಕೇಳಿಯೇಬಿಟ್ಟ. ಬುದ್ಧಿವಂತ.

ಮುಂದಿನ ಭಾನುವಾರ ಅಕ್ಕ ವಿಚಾರಿಸಿದರು. ಭಾರ, ತುಟ್ಟಿ, ಕನ್ನಡಕಕ್ಕೆ ಆಗಲ್ಲ ಎಂದು ಒದರಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಹೀಗೆ ತಿಂಗಳುಗಟ್ಟಲೆ ಅಂಗಡಿ ಅಂಗಡಿ ತಿರುಗಿ ಮೊಸರಿನಲ್ಲಿ ಕಲ್ಲು ಹುಡುಕಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕುಣಿಯಲು ಮನಸ್ಸಿಲ್ಲದೆ ಅಂದೆ, ಅಷ್ಟೇ ವ್ಯತ್ಯಾಸ.

ಒಂದು ಭಾನುವಾರ ನಾನು ಬರುವಷ್ಟರಲ್ಲಿ ಎಲ್ಲರೂ ಗೇಟಿನ ಬಳಿ ಹಲ್ಲು ಕಿಸಿದುಕೊಂಡು ನಿಂತಿದ್ದರು. ಅಕ್ಕ ಮುಂದೆ ಬಂದು ನನ್ನ ಕೈಗೊಂದು ಪೆಟ್ಟಿಗೆ ಇಟ್ಟರು. ಎಲ್ಲರೂ ಸೇರಿ ತಂದದ್ದಂತೆ, ಆರಿಸಿದ್ದು ಮಾತ್ರ ಅಕ್ಕನೇ.

“ಭಾರ ಇದೆಯಾ ಅಂತ ಕತ್ತಿಗೆ ಹಾಕ್ಕೊಂಡು ಅಂಗಡಿ ತುಂಬ ಓಡಾಡಿದೆ. ನಿಮಗೆ ಕನ್ನಡಕದ್ದೇ ತಾಪತ್ರಯ ಅಲ್ವಾ? ನಮ್ಮ ಅಟೆಂಡರ್ ಕನ್ನಡಕ ಇಸ್ಕೊಂಡು ಹೋಗಿ, ಅದನ್ನ ಹಾಕ್ಕೊಂಡೇ ನೋಡಿದೆ. ಇನ್ನು ಇದರಲ್ಲೂ ತಪ್ಪು ಹುಡುಕಿದ್ರೆ ನೋಡಿ ಮತ್ತೆ!”

ನಗು, ಚಪ್ಪಾಳೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ; ನಾನೂ ಅಲ್ಲೇ ತೂಗಿದೆ, ತಿರುಗಿಸಿದೆ, ಕಣ್ಣಿಗಿಟ್ಟೆ. ಒಂದು ಕುಂದೂ ಸಿಗಲಿಲ್ಲ. ನನಗಾಗಿ ಇಷ್ಟು ಅಲೆದ ಜೀವ ಇನ್ನೊಂದಿಲ್ಲ. ಅದೇ ಜೀವ ಇನ್ನು ನನ್ನ ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ. ಬಾಯಲ್ಲಿ ಬಿಸಿ ತುಪ್ಪ.

“ಸರಿ ಹಲ್ಲಣ್ಣ, ಇನ್ನು ನೀವೂ ಪೂರ್ತಿ ಮೆಂಬರ್ರೇ,” ಎಂದರು ಲೀಡರ್. “ಹೊಂಡದ ಆಚೆ ದಂಡೆಗೆ ಹೋಗಿ ಬಾತುಕೋಳಿ ಎಣಿಸಿ. ಅಲ್ಲಿಗೆ ಜನ ಸಾಲ್ತಾ ಇರಲಿಲ್ಲ.”

ಹೋದೆ. ಒಬ್ಬನೇ. ಬಾತುಕೋಳಿಗಳೂ ಜೋಡಿ ಜೋಡಿಯಾಗಿದ್ದವು, ದರಿದ್ರದವು. ಎಣಿಕೆ ಬಿಟ್ಟು ದುರ್ಬೀನನ್ನು ಈಚೆ ದಂಡೆಗೆ ತಿರುಗಿಸಿದೆ. ಅಕ್ಕ ಕೈಗೆ ಸಿಗುವಷ್ಟು ಹತ್ತಿರ ಬಂದರು. ಅವರ ಪಕ್ಕದಲ್ಲಿ ಅಂದೇ ಸೇರಿದ ಟೈಲರ್ ಒಬ್ಬ ಬೋಳು ಕೊರಳಿನಲ್ಲಿ ನಿಂತಿದ್ದ. ಅಕ್ಕ ತಮ್ಮ ಪಟ್ಟಿ ತೆಗೆದು ಅವನ ಕೊರಳಿಗೆ ಹಾಕಿದರು.

ಯಾರು ಬರಿಗೈಯಲ್ಲಿ ಬಂದರೂ ಅವರು ಹಾಗೇ ಮಾಡುವವರು. ನನ್ನಲ್ಲಿ ವಿಶೇಷವೇನೂ ಇರಲಿಲ್ಲ.

ಆದರೆ ದುರ್ಬೀನು ಇಳಿಸಲಾಗಲಿಲ್ಲ. ಅವನು ನೋಡುತ್ತಿದ್ದಾಗ ಅಕ್ಕನ ಮುಖ ನೋಡಿದೆ. ಇಷ್ಟು ತಿಂಗಳು ಪಕ್ಕದಲ್ಲೇ ಇದ್ದರೂ ಆ ಹೊತ್ತಿನ ಮುಖ ನಾನು ಕಂಡಿರಲಿಲ್ಲ. ಆಗ ನನ್ನ ಕಣ್ಣು ಯಾವಾಗಲೂ ಗಾಜಿನೊಳಗಿರುತ್ತಿತ್ತು. ಅವರು ಕತ್ತು ಉಜ್ಜಿಕೊಳ್ಳುತ್ತಿದ್ದರು. ಕಣ್ಣು ಕಿರಿದು ಮಾಡಿ ಬರಿಗಣ್ಣಿನಲ್ಲೇ ಕಂಬದ ತುದಿ ಹುಡುಕುತ್ತಿದ್ದರು. ಕೇಳಲೇ ಎಂಬಂತೆ ಕೈ ಸ್ವಲ್ಪ ಮುಂದೆ ಬಂತು, ಸಂಕೋಚದಿಂದ ಹಿಂದೆ ಹೋಯಿತು. ಮಿಂಚುಳ್ಳಿ ಮುಳುಗಿ ಎದ್ದು ಹಾರಿತು. ಟೈಲರ್ ದುರ್ಬೀನು ಮರಳಿಸಿದ. ಖಾಲಿ ಕಂಬ. ಅಕ್ಕ ಪರವಾಗಿಲ್ಲ ಎಂಬಂತೆ ನಕ್ಕರು.

ಅಯ್ಯೋ ನನ್ನ ಕರ್ಮವೇ! ಕತ್ತಲೆ ಕೋಣೆಯಲ್ಲಿ ವಾರವಿಡೀ ದುಡಿದು ಈ ಹೆಂಗಸು ಹಕ್ಕಿ ನೋಡಲೆಂದು ಬರುತ್ತಾರೆ. ನಾನು ಅವರ ಪ್ರತಿ ಹಕ್ಕಿಯಲ್ಲೂ ಅರ್ಧ ಕಿತ್ತುಕೊಂಡು, ಅದನ್ನು ಸ್ನೇಹ ಅಂದುಕೊಂಡಿದ್ದೆ.

ದಂಡೆ ಸುತ್ತಿ ಬಂದು, ಹೊಸ ದುರ್ಬೀನನ್ನು ಟೈಲರ್ ಕೊರಳಿಗೆ ಹಾಕಿದೆ. “ಇದರಲ್ಲಿ ನೋಡಪ್ಪ, ಹಗುರ ಇದೆ.”

ಅಕ್ಕ ಬೆಚ್ಚಿದರು. “ಅಯ್ಯೋ, ಮತ್ತೆ ನಿಮಗೆ?”

ನಿಮ್ಮದರಲ್ಲೇ ನೋಡ್ತೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಕೈ ಆಗಲೇ ಪಟ್ಟಿಯ ಕಡೆ ಹೋಗುತ್ತಿತ್ತು.

“ತೆಗೀಬೇಡಿ ಅಕ್ಕ. ಮಿಂಚುಳ್ಳಿ ಮತ್ತೆ ಬಂದ್ರೆ, ಹಾರಿಹೋಗೋವರೆಗೂ ನೀವೇ ನೋಡಿ. ಇವತ್ತು ನಾನು ಕೇಳಲ್ಲ.”

ಅಷ್ಟರಲ್ಲಿ ಮಿಂಚುಳ್ಳಿ ಕಂಬಕ್ಕೆ ಮರಳಿತು, ಅವರು ಥಟ್ಟನೆ ಆ ಇಟ್ಟಿಗೆಯನ್ನು ಕಣ್ಣಿಗೆತ್ತಿದರು. ನನಗೆ ಕಂಡದ್ದು ಒಂದು ನೀಲಿ ಚುಕ್ಕೆ. ಅಕ್ಕನ ತುಟಿ ಸಣ್ಣ ಹುಡುಗಿಯ ಹಾಗೆ ತೆರೆದುಕೊಂಡಿತು. ಕೊಕ್ಕಿನ ಬಗ್ಗೆ ಹೇಳಲಿಲ್ಲ, ಬಾಲದ ಬಗ್ಗೆ ಹೇಳಲಿಲ್ಲ. ಪಕ್ಕದಲ್ಲಿ ನಾನಿರುವುದನ್ನೇ ಮರೆತರು. ಮರೆಯಲಿ ಎಂದೇ ಬಂದವನು ನಾನು, ಆದರೂ ಸಂಕಟವಾಯಿತು. ಹಕ್ಕಿ ಬಹಳ ಹೊತ್ತು ಅಲ್ಲೇ ಕೂತಿತ್ತು. ಅಕ್ಕ ಅಷ್ಟು ಹೊತ್ತೂ ನೋಡಿದರು, ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.